ಹಾಯಿದೋಣಿಯ ಬ್ಯಾಟರಿಗೆ ದೊಡ್ಡ ಆಲ್ಟರ್ನೇಟರ್: ಲೆಕ್ಕದಿಂದ ಜೋಡಣೆಯವರೆಗೆ

ಲಂಗರು ಹಾಕಿದ ಹಾಯಿದೋಣಿಯಲ್ಲಿ ಬೆಳಗ್ಗೆ ಎರಡು ಗಂಟೆ ಎಂಜಿನ್ ಓಡಿಸಿ, ಅದರ ಸದ್ದನ್ನೂ ಸೆಕೆಯನ್ನೂ ಸಹಿಸಿಕೊಂಡ ಮೇಲೆಯೂ ರಾತ್ರಿಯಾಗುವುದರೊಳಗೆ ಬ್ಯಾಟರಿ ಮತ್ತೆ ಸೋತುಹೋದರೆ, ತಪ್ಪು ಬ್ಯಾಟರಿಯದ್ದೇ ಎಂದು ತೀರ್ಮಾನಿಸಿ ಹೊಸದನ್ನು ತರಲು ಹೊರಡಬಾರದು. ಸಣ್ಣ ಮೆರೈನ್ ಡೀಸೆಲ್ ಎಂಜಿನ್‌ಗಳ ಜೊತೆಗೆ ಬರುವ, ಬೆಲ್ಟಿನಿಂದ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಹೆಚ್ಚಾಗಿ 35ರಿಂದ 80 ಆಂಪಿಯರ್‌ನದು. ಅದರೊಳಗೇ ಕೂತು ಉತ್ಪಾದನೆಯನ್ನು ಹದದಲ್ಲಿಡುವ ರೆಗ್ಯುಲೇಟರ್ ವಾಹನಗಳ ಸ್ಟಾರ್ಟಿಂಗ್ ಬ್ಯಾಟರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಎಂಜಿನ್ ಚಾಲೂ ಆಗುವಾಗ ಖರ್ಚಾದಷ್ಟನ್ನು ವಾಪಸ್ ತುಂಬಿಸುವುದಷ್ಟೇ ಅದರ ಕೆಲಸ. 200 ಆಂಪಿಯರ್ ಎಳೆಯುವ ಸ್ಟಾರ್ಟರ್ 5 ಸೆಕೆಂಡ್ ತಿರುಗಿದರೆ ಖರ್ಚಾಗುವುದು 0.3 ಆಂಪಿಯರ್-ಗಂಟೆಗಿಂತಲೂ ಕಡಿಮೆ. ಇಡೀ ದಿನ ಫ್ರಿಜ್, ದೀಪ, ಪಂಪು, ರೇಡಿಯೊ ನಡೆಸಿ 100 ಆಂಪಿಯರ್-ಗಂಟೆ ಖಾಲಿಯಾದ ಬ್ಯಾಟರಿಯನ್ನು ತುಂಬಿಸುವುದು ಅದರ ಶಕ್ತಿಗೆ ಮೀರಿದ ಕೆಲಸ.

ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಇದಕ್ಕೆ ಸರಿಯಾದ ಪರಿಹಾರವೇ. ಆದರೆ ಅದರ ಮೈಮೇಲೆ ಅಚ್ಚಾಗಿರುವ ಸಂಖ್ಯೆ ಹಾಗೆಯೇ ಬ್ಯಾಟರಿಯ ತನಕ ತಲುಪುವುದಿಲ್ಲ. ಬೆಲ್ಟ್, ಪುಲ್ಲಿ, ಶಾಖ, ಕೇಬಲ್, ರೆಗ್ಯುಲೇಟರ್ ಎಲ್ಲವೂ ದಾರಿಯಲ್ಲಿ ತಮ್ಮ ತಮ್ಮ ಪಾಲು ಕಡಿದುಕೊಳ್ಳುತ್ತವೆ. ಕೊನೆಗೆ ಬ್ಯಾಟರಿಯೂ ತನಗೆ ಸಾಧ್ಯವಾದಷ್ಟನ್ನೇ ಕುಡಿಯುತ್ತದೆ. ಹಾಗಾಗಿ ಲೆಕ್ಕ ಬ್ಯಾಟರಿಯಿಂದ ಶುರುವಾಗಿ ಹಿಂದಕ್ಕೆ, ಎಂಜಿನ್ ಕಡೆಗೆ, ಬರಬೇಕು. ಆಲ್ಟರ್ನೇಟರ್ ಕೊಳ್ಳುವುದು ಆ ಲೆಕ್ಕದ ಕೊನೆಗೆ ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ. ಇಲ್ಲಿರುವ ಅಂಕಿಗಳೆಲ್ಲ 12 ವೋಲ್ಟ್ ವ್ಯವಸ್ಥೆಗೆ ಸಂಬಂಧಿಸಿದವು.

ಮೊದಲು ಬ್ಯಾಟರಿಯ ಲೆಕ್ಕ

ಒಂದು ಕಾಗದದ ಮೇಲೆ ದಿನದ ಖರ್ಚನ್ನು ಬರೆದುಕೊಳ್ಳಿ. ಪ್ರತಿ ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದನ್ನು ಗುಣಿಸಿದರೆ ಆಂಪಿಯರ್-ಗಂಟೆ ಸಿಗುತ್ತದೆ. 5 ಆಂಪಿಯರ್ ಎಳೆಯುವ ಫ್ರಿಜ್ ಅರ್ಧ ಹೊತ್ತು ಓಡಿ ಅರ್ಧ ಹೊತ್ತು ಸುಮ್ಮನಿರುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 60 ಆಂಪಿಯರ್-ಗಂಟೆ ಅದಕ್ಕೇ ಬೇಕು. ದೀಪ, ನೀರಿನ ಪಂಪು, ರೇಡಿಯೊ, ಫೋನು ಮತ್ತು ಲ್ಯಾಪ್‌ಟಾಪ್‌ಗಳ ಚಾರ್ಜಿಂಗ್ ಸೇರಿದರೆ 100ರ ಆಸುಪಾಸಿಗೆ ಬರುತ್ತದೆ. ಹಾಯಿ ಬಿಚ್ಚಿ ರಾತ್ರಿಯಿಡೀ ಆಟೋಪೈಲಟ್ ನಡೆಸುವವರ ಖರ್ಚು ಇದಕ್ಕಿಂತ ಬಹಳ ಹೆಚ್ಚು.

ಮುಂದಿನ ಲೆಕ್ಕಗಳಿಗೆ 400 ಆಂಪಿಯರ್-ಗಂಟೆಯ, ಡಿಸ್ಟಿಲ್ಡ್ ವಾಟರ್ ಹಾಕುವ ಸಾಮಾನ್ಯ ಲೆಡ್-ಆಸಿಡ್ ಬ್ಯಾಟರಿಗಳ ಒಂದು ಬ್ಯಾಂಕನ್ನು, ಅಂದರೆ ಒಟ್ಟಿಗೆ ಜೋಡಿಸಿದ ಗುಂಪನ್ನು, ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಲೆಡ್-ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹೊರೆಯಿಲ್ಲದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ ಸುಮಾರು 12.7 ವೋಲ್ಟ್ ಇದ್ದರೆ ಅದು ಪೂರ್ಣ, 12.2 ಇದ್ದರೆ ಅರ್ಧ ಖಾಲಿ. ಮೇಲಿನ ತುದಿಯಲ್ಲಿ ಇನ್ನೊಂದು ಮಿತಿಯಿದೆ. ಸುಮಾರು 80 ಪ್ರತಿಶತ ತುಂಬಿದ ಮೇಲೆ ಲೆಡ್-ಆಸಿಡ್ ಬ್ಯಾಟರಿ ಕರೆಂಟನ್ನು ಕಡಿಮೆ ಕಡಿಮೆ ತೆಗೆದುಕೊಳ್ಳುತ್ತ ಹೋಗುತ್ತದೆ, ಉಳಿದ ಐದನೆಯ ಒಂದು ಭಾಗಕ್ಕೆ ಹಲವು ಗಂಟೆ ಹಿಡಿಯುತ್ತದೆ. ಎಷ್ಟೇ ದೊಡ್ಡ ಆಲ್ಟರ್ನೇಟರ್ ತಂದರೂ ಈ ಕೊನೆಯ ಭಾಗ ಬೇಗ ತುಂಬುವುದಿಲ್ಲ. ಆದ್ದರಿಂದ ಎಂಜಿನ್ ಓಡಿಸಿ ತುಂಬಿಸಬೇಕಾದದ್ದು 50ರಿಂದ 80 ಪ್ರತಿಶತದ ನಡುವಿನ ಭಾಗ. ನಮ್ಮ ಉದಾಹರಣೆಯಲ್ಲಿ ಅದು 120 ಆಂಪಿಯರ್-ಗಂಟೆ, ಅಂದರೆ ಒಂದು ದಿನದ ಖರ್ಚಿಗಿಂತ ತುಸು ಹೆಚ್ಚು.

ಆ ಭಾಗದಲ್ಲಿ ಬ್ಯಾಟರಿ ಎಷ್ಟು ವೇಗವಾಗಿ ಕುಡಿಯಬಲ್ಲದು ಎಂಬುದಕ್ಕೆ ದೋಣಿಯವರು ಬಳಸುವ ಅಂದಾಜು ಹೀಗಿದೆ: ಸಾಮಾನ್ಯ ಲೆಡ್-ಆಸಿಡ್ ತನ್ನ ಸಾಮರ್ಥ್ಯದ 25 ಪ್ರತಿಶತ, ಆಸಿಡ್ಡನ್ನು ಜೆಲ್ಲಿಯಂತೆ ಗಟ್ಟಿ ಮಾಡಿದ ಜೆಲ್ ಬ್ಯಾಟರಿ 30 ಪ್ರತಿಶತ, ಆಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟ ಎಜಿಎಂ 40 ಪ್ರತಿಶತ ಅಥವಾ ಇನ್ನೂ ಹೆಚ್ಚು. 400ರ ಬ್ಯಾಂಕಿಗೆ 25 ಪ್ರತಿಶತವೆಂದರೆ 100 ಆಂಪಿಯರ್. ಚಾರ್ಜ್ ಆಗುವಾಗಲೇ ಫ್ರಿಜ್ಜೂ ಪಂಪೂ ಓಡುತ್ತಿರುತ್ತವೆ, ಅದಕ್ಕೊಂದು 15 ಸೇರಿಸಿ. ನಮಗೆ ಬೇಕಾದದ್ದು ಬಿಸಿಯಾದ ಮೇಲೂ 115 ಆಂಪಿಯರ್ ಕೊಡುವ ಆಲ್ಟರ್ನೇಟರ್.

‘ಬಿಸಿಯಾದ ಮೇಲೂ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ತಾಮ್ರದ ಸುತ್ತುಗಳು ಬಿಸಿಯಾದಂತೆ ಅವುಗಳ ರೋಧ ಏರುತ್ತದೆ, ಉತ್ಪಾದನೆ ಇಳಿಯುತ್ತದೆ. ತಣ್ಣಗಿರುವಾಗ 100 ಆಂಪಿಯರ್ ಎಂದು ಹೇಳಿಕೊಳ್ಳುವ ಆಲ್ಟರ್ನೇಟರ್ ಎಂಜಿನ್ ಪೆಟ್ಟಿಗೆಯೊಳಗಿನ ಸೆಕೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ 70-80ಕ್ಕೆ ಇಳಿಯುವುದು ತೀರಾ ಸಾಮಾನ್ಯ. ಯಾವ ವೇಗದಲ್ಲಿ ಎಷ್ಟು ಆಂಪಿಯರ್ ಸಿಗುತ್ತದೆಂದು ತೋರಿಸಲು ತಯಾರಕರು ಕೊಡುವ ನಕ್ಷೆಯಲ್ಲಿ ಬಿಸಿಯ ಗೆರೆ, ತಣ್ಣನೆಯ ಗೆರೆ ಎರಡೂ ಇದ್ದರೆ ಬಿಸಿಯದನ್ನೇ ನೋಡಬೇಕು. ಒಂದೇ ಗೆರೆಯಿದ್ದರೆ ಅದು ತಣ್ಣನೆಯದು ಎಂದುಕೊಳ್ಳುವುದೇ ಜಾಣತನ. ಈ ಕಡಿತ ಲೆಕ್ಕಕ್ಕೆ ಹಿಡಿದರೆ 115 ಆಂಪಿಯರ್ ಬೇಕಾದವರು 150ರ ಆಸುಪಾಸಿನದನ್ನು ನೋಡಬೇಕಾಗುತ್ತದೆ.

ಎಂಜಿನ್, ಪುಲ್ಲಿ, ಬೆಲ್ಟ್

ಹೆಚ್ಚು ಕರೆಂಟು ಬರುವುದು ಎಂಜಿನ್ ಹೆಚ್ಚು ದುಡಿದರೆ ಮಾತ್ರ. ಬೆಲ್ಟಿನ ನಷ್ಟ, ಆಲ್ಟರ್ನೇಟರ್ ಒಳಗಿನ ನಷ್ಟ ಎಲ್ಲ ಸೇರಿ ಪ್ರತಿ 25 ಆಂಪಿಯರ್‌ಗೆ ಸುಮಾರು 1 ಅಶ್ವಶಕ್ತಿ ಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು. 115 ಆಂಪಿಯರ್‌ಗೆ 4ರಿಂದ 5 ಅಶ್ವಶಕ್ತಿ. 40 ಅಶ್ವಶಕ್ತಿಯ ಎಂಜಿನ್‌ಗೆ ಇದು ಗಮನಕ್ಕೂ ಬಾರದ ಹೊರೆ. 15ರ ಎಂಜಿನ್‌ಗೆ, ಅದರಲ್ಲೂ ಬಂದರಿನ ಇಕ್ಕಟ್ಟಿನಲ್ಲಿ ಕಡಿಮೆ ವೇಗದಲ್ಲಿ ದೋಣಿ ತಿರುಗಿಸುವಾಗ, ಇದೇ ಹೊರೆಯಿಂದ ಎಂಜಿನ್ ನಿಂತುಹೋಗುವಷ್ಟು ತೊಂದರೆಯಾಗಬಹುದು. ಹಾಗಾಗಿ ಸಣ್ಣ ಎಂಜಿನ್ ಇರುವವರು, ಉತ್ಪಾದನೆಯನ್ನು ಅರ್ಧಕ್ಕೆ ಇಳಿಸುವ ಸ್ವಿಚ್ಚನ್ನು ಜೋಡಿಸಲು ಅವಕಾಶವಿರುವ ರೆಗ್ಯುಲೇಟರ್ ಆಯ್ದುಕೊಳ್ಳುವುದು ಒಳ್ಳೆಯದು.

ಆಲ್ಟರ್ನೇಟರ್ ಎಷ್ಟು ವೇಗವಾಗಿ ತಿರುಗುತ್ತದೆ ಎಂಬುದನ್ನು ಪುಲ್ಲಿಗಳು ನಿರ್ಧರಿಸುತ್ತವೆ. ಎಂಜಿನ್‌ನ ಕ್ರ್ಯಾಂಕ್ ಪುಲ್ಲಿಯ ವ್ಯಾಸವನ್ನು ಆಲ್ಟರ್ನೇಟರ್ ಪುಲ್ಲಿಯ ವ್ಯಾಸದಿಂದ ಭಾಗಿಸಿ. 130 ಮಿ.ಮೀ. ಮತ್ತು 65 ಮಿ.ಮೀ. ಇದ್ದರೆ ಅನುಪಾತ 2; ಎಂಜಿನ್ ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಆಲ್ಟರ್ನೇಟರ್ 2,400 ಸುತ್ತು ತಿರುಗುತ್ತದೆ. ಈ 2,400ರಲ್ಲಿ ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂಬುದನ್ನು ನಕ್ಷೆಯಲ್ಲಿ ನೋಡಬೇಕು, ಏಕೆಂದರೆ ಹೆಸರಿನ ಜೊತೆಗಿರುವ ಅಂಕಿ ಬಹುಪಾಲು ಇದಕ್ಕಿಂತ ಎರಡು-ಮೂರು ಪಟ್ಟು ವೇಗದಲ್ಲಿ ಅಳೆದದ್ದು. ಪುಲ್ಲಿಯನ್ನು 52 ಮಿ.ಮೀ.ಗೆ ಇಳಿಸಿದರೆ ಅನುಪಾತ 2.5 ಆಗಿ, 1,200ಕ್ಕೆ 3,000 ಸುತ್ತು ಸಿಗುತ್ತದೆ. ಆಗ ಮೇಲಿನ ಮಿತಿಯನ್ನೂ ಪರೀಕ್ಷಿಸಬೇಕು: ಎಂಜಿನ್‌ನ ಗರಿಷ್ಠ ವೇಗ 3,600 ಆಗಿದ್ದರೆ ಆಲ್ಟರ್ನೇಟರ್ 9,000ಕ್ಕೆ ಹೋಗುತ್ತದೆ; ತಯಾರಕರು ಕೊಟ್ಟಿರುವ ಗರಿಷ್ಠ ಮಿತಿ ಇದಕ್ಕಿಂತ ಮೇಲಿರಬೇಕು. ಪುಲ್ಲಿ ತೀರಾ ಚಿಕ್ಕದಾದರೆ ಬೆಲ್ಟ್ ಅದನ್ನು ತಬ್ಬಿಕೊಳ್ಳುವ ಭಾಗ ಕಡಿಮೆಯಾಗಿ ಜಾರುತ್ತದೆ.

ನನ್ನ ಅನುಭವದಲ್ಲಿ ಹೆಚ್ಚಿನವರು ಎಡವುವುದು ಬೆಲ್ಟಿನ ವಿಷಯದಲ್ಲಿ. 10 ಮಿ.ಮೀ. ಅಗಲದ ಒಂಟಿ ವಿ-ಬೆಲ್ಟ್ 70-80 ಆಂಪಿಯರ್‌ವರೆಗೆ, 12.7 ಮಿ.ಮೀ.ನದು 100ರ ಹತ್ತಿರದವರೆಗೆ ತಡೆದುಕೊಳ್ಳುತ್ತದೆ. ಅದಕ್ಕಿಂತ ಮೇಲೆ ಹೋಗುವವರು ಜೋಡಿ ಬೆಲ್ಟ್ ಅಥವಾ ಹಲವು ಗೀರುಗಳಿರುವ ಚಪ್ಪಟೆ ಸರ್ಪೆಂಟೈನ್ ಬೆಲ್ಟಿಗೆ ಬದಲಾಗಲೇಬೇಕು, ಅಂದರೆ ಕ್ರ್ಯಾಂಕ್ ಪುಲ್ಲಿಯನ್ನೂ ಎಂಜಿನ್ ತಂಪಾಗಿಸುವ ನೀರಿನ ಪಂಪಿನ ಪುಲ್ಲಿಯನ್ನೂ ಸೇರಿಸಿ ಬದಲಾಯಿಸಬೇಕು. ಒಂಟಿ ಬೆಲ್ಟಿನಲ್ಲೇ ಸುಧಾರಿಸೋಣವೆಂದು ಅದನ್ನು ಅತಿಯಾಗಿ ಬಿಗಿ ಮಾಡಿದರೆ ಮೊದಲು ಹೋಗುವುದು ನೀರಿನ ಪಂಪಿನ ಬೇರಿಂಗು, ನಂತರ ಆಲ್ಟರ್ನೇಟರಿನದು. ನೀರಿನ ಪಂಪು ಕೈಕೊಟ್ಟರೆ ಎಂಜಿನ್ನೇ ಬಿಸಿಯಾಗಿ ನಿಲ್ಲುತ್ತದೆ, ಆಗ ಬ್ಯಾಟರಿಯ ಚಿಂತೆ ಎರಡನೆಯದಾಗುತ್ತದೆ. ಕ್ರ್ಯಾಂಕ್ ಪುಲ್ಲಿ ಎಷ್ಟು ಪಕ್ಕದ ಎಳೆತ ತಾಳಬಲ್ಲದು ಎಂಬುದಕ್ಕೆ ಎಂಜಿನ್ ತಯಾರಕರ ಮಿತಿಯಿರುತ್ತದೆ. ಅದನ್ನು ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ರೆಗ್ಯುಲೇಟರ್

ಆಲ್ಟರ್ನೇಟರಿನ ಒಳಗೆ ತಿರುಗುವ ರೋಟರಿಗೆ ಬ್ರಷ್‌ಗಳ ಮೂಲಕ ಕೆಲವೇ ಆಂಪಿಯರ್ ಫೀಲ್ಡ್ ಕರೆಂಟು ಕೊಟ್ಟರೆ ಅದು ಅಯಸ್ಕಾಂತವಾಗುತ್ತದೆ. ಸುತ್ತಲಿನ ಸ್ಟೇಟರಿನಲ್ಲಿ ಹುಟ್ಟುವ ಎಸಿ ಕರೆಂಟನ್ನು ಡಯೋಡ್‌ಗಳು ಡಿಸಿಗೆ ಪರಿವರ್ತಿಸುತ್ತವೆ. ಫೀಲ್ಡ್ ಕರೆಂಟನ್ನು ಹೆಚ್ಚು ಕಡಿಮೆ ಮಾಡುವುದೇ ರೆಗ್ಯುಲೇಟರಿನ ಕೆಲಸ. ಒಳಗಿನ ರೆಗ್ಯುಲೇಟರ್ 14 ವೋಲ್ಟಿನ ಆಸುಪಾಸಿನಲ್ಲಿ ಒಂದೇ ಅಂಕಿಗೆ ಅಂಟಿಕೊಂಡಿರುತ್ತದೆ, ಅದೂ ತನ್ನದೇ ಟರ್ಮಿನಲ್ಲಿನಲ್ಲಿ ಅಳೆದು. ಬ್ಯಾಟರಿಯ ಬಳಿ ಎಷ್ಟಿದೆ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ. ದೊಡ್ಡ ಆಲ್ಟರ್ನೇಟರ್ ಹಾಕಿ ಹಳೆಯ ಮಾದರಿಯ ಒಳ ರೆಗ್ಯುಲೇಟರನ್ನೇ ನಂಬುವುದಕ್ಕಿಂತ, ಇರುವ ಸಣ್ಣ ಆಲ್ಟರ್ನೇಟರಿಗೆ ಒಳ್ಳೆಯ ಹೊರ ರೆಗ್ಯುಲೇಟರ್ ಕೂಡಿಸುವುದು ಎಷ್ಟೋ ಮೇಲು.

ಹೊರಗೆ ಕೂರಿಸುವ ಬಹುಹಂತದ ರೆಗ್ಯುಲೇಟರ್ ಮೂರು ಹಂತಗಳಲ್ಲಿ ಕೆಲಸ ಮಾಡುತ್ತದೆ. ಬಲ್ಕ್ ಹಂತದಲ್ಲಿ ಆಲ್ಟರ್ನೇಟರ್ ಕೊಡಬಲ್ಲಷ್ಟನ್ನೂ ಕೊಡಿಸುತ್ತದೆ, ಬ್ಯಾಟರಿಯ ವೋಲ್ಟೇಜ್ ನಿಧಾನವಾಗಿ ಏರುತ್ತದೆ. ನಿಗದಿತ ವೋಲ್ಟೇಜ್ ಮುಟ್ಟಿದ ಮೇಲೆ ಅಬ್ಸಾರ್ಪ್ಷನ್ ಹಂತ. ಅಲ್ಲಿ ವೋಲ್ಟೇಜ್ ಸ್ಥಿರವಾಗಿ ನಿಂತು ಕರೆಂಟು ಇಳಿಯುತ್ತದೆ. ಕೊನೆಯದು ಫ್ಲೋಟ್, ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ಕೆಳಮಟ್ಟದ ವೋಲ್ಟೇಜ್. ಸಾಮಾನ್ಯ ಲೆಡ್-ಆಸಿಡ್‌ಗೆ ಅಬ್ಸಾರ್ಪ್ಷನ್ 14.4ರಿಂದ 14.8, ಎಜಿಎಂಗೆ 14.3ರಿಂದ 14.7, ಜೆಲ್‌ಗೆ 14.1ರ ಹತ್ತಿರ, ಫ್ಲೋಟ್ ಹೆಚ್ಚಾಗಿ 13.2ರಿಂದ 13.8ರ ನಡುವೆ. ನಿಮ್ಮ ಬ್ಯಾಟರಿಯ ತಯಾರಕರು ಕೊಟ್ಟ ಅಂಕಿ ಇದಕ್ಕಿಂತ ಬೇರೆಯಿದ್ದರೆ ಅವರದ್ದೇ ಅಂತಿಮ. ಜೆಲ್ ಬ್ಯಾಟರಿಗೆ ಸಾಮಾನ್ಯ ಲೆಡ್-ಆಸಿಡ್‌ನ ವೋಲ್ಟೇಜ್ ಕೊಟ್ಟರೆ ಒಳಗೆ ಗುಳ್ಳೆಗಳೆದ್ದು, ಅದು ಮತ್ತೆ ಸರಿಹೋಗದಂತೆ ಹಾಳಾಗುತ್ತದೆ.

ಎರಡು ತಾಪಮಾನ ಸೆನ್ಸರ್‌ಗಳನ್ನು ಕೊಳ್ಳದೆ ಉಳಿತಾಯ ಮಾಡಬೇಡಿ. ಒಂದು ಬ್ಯಾಟರಿಯ ಮೇಲೆ ಕೂರುವುದು. ಲೆಡ್-ಆಸಿಡ್ ಬ್ಯಾಟರಿಗೆ 25 ಡಿಗ್ರಿಯಿಂದ ಮೇಲಿನ ಪ್ರತಿ ಡಿಗ್ರಿಗೂ ಸುಮಾರು 0.024 ವೋಲ್ಟ್ ಇಳಿಸಬೇಕು. ಬ್ಯಾಟರಿ 40 ಡಿಗ್ರಿಯಲ್ಲಿದ್ದರೆ 14.4 ಎಂಬುದು 14.04 ಆಗಬೇಕು. ಇಳಿಸದಿದ್ದರೆ ನೀರು ಕುದಿದಂತೆ ಗುಳ್ಳೆಗಳೆದ್ದು ಅನಿಲವಾಗಿ ಹೋಗುತ್ತದೆ. ಇನ್ನೊಂದು ಸೆನ್ಸರ್ ಆಲ್ಟರ್ನೇಟರಿನ ಮೈಮೇಲೆ ಕೂತು, ಶಾಖ ಮಿತಿ ದಾಟುವ ಮೊದಲೇ ಫೀಲ್ಡನ್ನು ಇಳಿಸುತ್ತದೆ. ಗಂಟೆಗಟ್ಟಲೆ ಪೂರ್ತಿ ಹೊರೆಯಲ್ಲಿ ದುಡಿಯುವ ಯಂತ್ರಕ್ಕೆ ಈ ರಕ್ಷಣೆ ಇರಲೇಬೇಕು.

ಆಲ್ಟರ್ನೇಟರ್ ಮತ್ತು ರೆಗ್ಯುಲೇಟರ್ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಪಿ ಮಾದರಿಯಲ್ಲಿ ಒಂದು ಬ್ರಷ್ ನೆಗೆಟಿವ್‌ಗೆ ಸೇರಿದ್ದು, ರೆಗ್ಯುಲೇಟರ್ ಪಾಸಿಟಿವ್ ಕೊಡುತ್ತದೆ. ಎನ್ ಮಾದರಿಯಲ್ಲಿ ಇದು ತಿರುವುಮುರುವು. ಒಂದಕ್ಕೆ ಮಾಡಿದ ರೆಗ್ಯುಲೇಟರ್ ಇನ್ನೊಂದಕ್ಕೆ ಆಗುವುದಿಲ್ಲ.

ಕೇಬಲ್, ಫ್ಯೂಸ್, ಸ್ವಿಚ್

ಕೇಬಲ್ ಲೆಕ್ಕ ಕಷ್ಟದ್ದಲ್ಲ. ಹೋಗುವ ದಾರಿ, ಬರುವ ದಾರಿ ಎರಡನ್ನೂ ಸೇರಿಸಿದ ಮೀಟರ್ ಉದ್ದವನ್ನು ಆಂಪಿಯರ್‌ನಿಂದಲೂ 0.0175ರಿಂದಲೂ ಗುಣಿಸಿ, ಕೇಬಲ್‌ನ ಚದರ ಮಿ.ಮೀ.ಯಿಂದ ಭಾಗಿಸಿದರೆ ನಷ್ಟವಾಗುವ ವೋಲ್ಟ್ ಸಿಗುತ್ತದೆ. ಆಲ್ಟರ್ನೇಟರಿನಿಂದ ಬ್ಯಾಟರಿಗೆ 3 ಮೀಟರ್ ಇದ್ದರೆ ಒಟ್ಟು 6 ಮೀಟರ್. 115 ಆಂಪಿಯರ್ ಹರಿದರೆ 35 ಚದರ ಮಿ.ಮೀ. ಕೇಬಲ್‌ನಲ್ಲಿ 0.35 ವೋಲ್ಟ್, 50ರಲ್ಲಿ 0.24, 70ರಲ್ಲಿ 0.17 ನಷ್ಟ. ಚಾರ್ಜಿಂಗ್‌ನಲ್ಲಿ ಕಾಲು ವೋಲ್ಟಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬುದು ನಾನು ಪಾಲಿಸುವ ನಿಯಮ, ಹಾಗಾಗಿ 50ಕ್ಕಿಂತ ತೆಳುವಾದ ಕೇಬಲ್ ಇಲ್ಲಿ ಬೇಡ. ಉಪ್ಪುಗಾಳಿಯಲ್ಲಿ ಬರಿಯ ತಾಮ್ರ ಒಳಗೊಳಗೇ ಕಪ್ಪಾಗುವುದರಿಂದ ತವರ ಲೇಪಿಸಿದ ಎಳೆಗಳಿರುವ ಮೆರೈನ್ ಕೇಬಲ್ಲನ್ನೇ ಬಳಸಬೇಕು.

ನೆಗೆಟಿವ್ ಕೇಬಲ್ಲೂ ಅಷ್ಟೇ ದಪ್ಪವಿರಬೇಕು. ಬಂದ ಕರೆಂಟೆಲ್ಲ ಹಿಂತಿರುಗುವುದು ಅದರ ಮೂಲಕವೇ. ಎಂಜಿನ್ ಬ್ಲಾಕಿನ ಯಾವುದೋ ಬೋಲ್ಟಿಗೆ ಬಣ್ಣದ ಮೇಲೆಯೇ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೂರಿಸಿದ್ದರೆ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ಸಾಧ್ಯವಿದ್ದರೆ ಆಲ್ಟರ್ನೇಟರಿನ ಮೈಯಿಂದಲೇ ನೇರವಾಗಿ ಒಂದು ನೆಗೆಟಿವ್ ಕೇಬಲ್ ಎಳೆಯುವುದು ಉತ್ತಮ.

ಪಾಸಿಟಿವ್ ಕೇಬಲ್ಲಿನ ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ತುದಿಯಲ್ಲಿ. ಕೇಬಲ್ ಎಲ್ಲಾದರೂ ಉಜ್ಜಿ ಎಂಜಿನ್ನಿಗೆ ತಗುಲಿದರೆ ಸಾವಿರಾರು ಆಂಪಿಯರ್ ಸುರಿಯುವುದು ಬ್ಯಾಟರಿ, ಆಲ್ಟರ್ನೇಟರ್ ಅಲ್ಲ. ದೋಣಿಗಳ ವಿದ್ಯುತ್ ವ್ಯವಸ್ಥೆಗೆಂದು ಅಮೆರಿಕದ ದೋಣಿ ಸುರಕ್ಷತೆಯ ಸಂಸ್ಥೆ ಎಬಿವೈಸಿ ರೂಪಿಸಿದ ಇ-11 ಮಾನದಂಡ, ಈ ರಕ್ಷಣೆ ವಿದ್ಯುತ್ ಮೂಲದಿಂದ 7 ಇಂಚಿನೊಳಗೆ ಇರಬೇಕೆಂಬ ನಿಯಮವನ್ನು ಮೂಲಸೂತ್ರವಾಗಿ ಇಟ್ಟುಕೊಂಡಿದೆ, ಕೆಲವು ಸಂದರ್ಭಗಳಿಗೆ ವಿನಾಯಿತಿಯನ್ನೂ ಕೊಡುತ್ತದೆ. 150 ಆಂಪಿಯರ್ ಆಲ್ಟರ್ನೇಟರಿಗೆ 50 ಚದರ ಮಿ.ಮೀ. ಕೇಬಲ್ ಇದ್ದರೆ 200ರ ಫ್ಯೂಸ್ ಸರಿಹೋಗುತ್ತದೆ. ತೀರಾ ಹತ್ತಿರದ ಅಂಕಿಯ ಫ್ಯೂಸ್ ಹಾಕಿದರೆ ಚಾರ್ಜ್ ಆಗುತ್ತಿರುವಾಗಲೇ ಅದು ಹಾರಿಹೋಗಬಹುದು, ಮತ್ತು ಅದರಿಂದ ಬೇರೆಯೇ ಅನಾಹುತವಾಗುತ್ತದೆ.

ಆ ಅನಾಹುತ ಹೀಗಿದೆ. ಪೂರ್ತಿ ಕರೆಂಟು ಕೊಡುತ್ತಿರುವ ಆಲ್ಟರ್ನೇಟರಿನಿಂದ ಬ್ಯಾಟರಿಯನ್ನು ಥಟ್ಟನೆ ಬೇರ್ಪಡಿಸಿದರೆ, ಹರಿಯುತ್ತಿದ್ದ ಕರೆಂಟಿಗೆ ದಾರಿಯಿಲ್ಲದೆ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹಲವು ಪಟ್ಟು ಜಿಗಿಯುತ್ತದೆ. ಡಯೋಡ್‌ಗಳು ಸುಡುತ್ತವೆ, ಕೆಲವೊಮ್ಮೆ ದೋಣಿಯ ಎಲೆಕ್ಟ್ರಾನಿಕ್ ಉಪಕರಣಗಳೂ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಸ್ವಿಚ್ಚನ್ನು ಯಾರೋ ತಿಳಿಯದೆ ತಿರುಗಿಸಿದರೂ ಇದೇ ಗತಿ. ಇದನ್ನು ತಪ್ಪಿಸಲು ಆಲ್ಟರ್ನೇಟರಿನ ಕೇಬಲ್ಲನ್ನು ಸ್ವಿಚ್ಚಿನ ಮೂಲಕ ಒಯ್ಯದೆ ಫ್ಯೂಸಿನ ಮೂಲಕ ನೇರವಾಗಿ ಬಳಕೆಯ ಬ್ಯಾಟರಿಗೆ, ಅಂದರೆ ಫ್ರಿಜ್ ದೀಪಗಳನ್ನು ನಡೆಸುವ ಬ್ಯಾಂಕಿಗೆ, ಕೊಡಬೇಕು. ಎಂಜಿನ್ ಚಾಲೂ ಮಾಡಲೆಂದೇ ಇರುವ ಪ್ರತ್ಯೇಕ ಸ್ಟಾರ್ಟಿಂಗ್ ಬ್ಯಾಟರಿಗೆ ಬೇಕಾದದ್ದು ತುಸುವೇ ಆದ್ದರಿಂದ, ಬಳಕೆಯ ಬ್ಯಾಟರಿಯ ವೋಲ್ಟೇಜ್ 13.3ರ ಹತ್ತಿರ ಬಂದಾಗ ಎರಡನ್ನೂ ತಾನೇ ಕೂಡಿಸುವ ರಿಲೇ ಅದಕ್ಕೆ ಸಾಕು. ಕರೆಂಟನ್ನು ಎರಡು ಬ್ಯಾಟರಿಗಳಿಗೆ ಹಂಚಲು ಹಳೆಯ ದೋಣಿಗಳಲ್ಲಿ ಕಾಣುವ ಡಯೋಡ್ ಐಸೊಲೇಟರ್ ದಾರಿಯಲ್ಲೇ 0.6-0.7 ವೋಲ್ಟ್ ನುಂಗುತ್ತದೆ. ಅದು ಇದ್ದರೆ ತೆಗೆದುಬಿಡಿ.

ಜೋಡಿಸುವಾಗ

ಮೊದಲು ಬ್ಯಾಟರಿಗಳ ನೆಗೆಟಿವ್ ಬಿಚ್ಚಿ. ಹಳೆಯ ಆಲ್ಟರ್ನೇಟರಿನ ಪ್ರತಿ ತಂತಿಗೂ ಚೀಟಿ ಅಂಟಿಸಿ, ಫೋಟೊ ತೆಗೆದಿಟ್ಟುಕೊಂಡು, ಆಮೇಲೆ ಕಳಚಿ. ಹೊಸದನ್ನು ಕೂರಿಸಿದ ಮೇಲೆ ಮೂರೂ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂಬುದನ್ನು ನೇರವಾದ ಉಕ್ಕಿನ ಪಟ್ಟಿ ಹಿಡಿದು ನೋಡಬೇಕು. ಪುಲ್ಲಿಗಳ ಅಂಚು ಬೇರೆ ಬೇರೆ ದಪ್ಪದ್ದಾಗಿರಬಹುದಾದ್ದರಿಂದ ಬೆಲ್ಟ್ ಕೂರುವ ಹಳ್ಳವನ್ನು ಅಳತೆಗೆ ತೆಗೆದುಕೊಳ್ಳಬೇಕು. ಒಂದೆರಡು ಮಿ.ಮೀ. ವ್ಯತ್ಯಾಸವಿದ್ದರೂ ವಾಷರ್ ಕೊಟ್ಟು ಸರಿಪಡಿಸಿ. ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿ.ಮೀ. ಬಾಗಬೇಕು. ಹೊಸ ಬೆಲ್ಟ್ ಮೊದಲ ಒಂದೆರಡು ಗಂಟೆಯಲ್ಲೇ ಸಡಿಲವಾಗುತ್ತದೆ, ಆಗ ಇನ್ನೊಮ್ಮೆ ಬಿಗಿ ಮಾಡಬೇಕು.

ರೆಗ್ಯುಲೇಟರನ್ನು ಎಂಜಿನ್ ಪೆಟ್ಟಿಗೆಯ ಹೊರಗೆ, ತಂಪಾದ ಒಣ ಜಾಗದಲ್ಲಿ ಕೂರಿಸಿ. ಅದರ ವೋಲ್ಟೇಜ್ ಸೆನ್ಸ್ ತಂತಿ ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೇ ಹೋಗಬೇಕು, ಬ್ಯಾಟರಿಯ ತುದಿಯಲ್ಲಿ ಒಂದು ಸಣ್ಣ ಫ್ಯೂಸ್‌ನೊಂದಿಗೆ. ಚಾಲೂ ಮಾಡುವ ತಂತಿಯನ್ನು ಆಯಿಲ್ ಪ್ರೆಷರ್ ಸ್ವಿಚ್ಚಿನ ಮೂಲಕ ಕೊಟ್ಟರೆ, ಕೀಲಿ ತಿರುಗಿಸಿಟ್ಟು ಎಂಜಿನ್ ಓಡಿಸದೆ ಮರೆತಾಗ ಫೀಲ್ಡ್ ಸುರುಳಿ ಸುಮ್ಮನೆ ಬಿಸಿಯಾಗುವುದು ತಪ್ಪುತ್ತದೆ. ಎಂಜಿನ್ ಚಾಲೂ ಆಗಿ ಅರ್ಧ ನಿಮಿಷದ ಮೇಲೆ ಹೊರೆಯನ್ನು ಮೆಲ್ಲಗೆ ಏರಿಸುವ ವ್ಯವಸ್ಥೆ ಇಂಥ ರೆಗ್ಯುಲೇಟರ್‌ಗಳಲ್ಲಿ ಸಾಮಾನ್ಯವಾಗಿರುತ್ತದೆ, ಅದನ್ನು ಹಾಗೆಯೇ ಉಳಿಸಿಕೊಳ್ಳಿ.

ಎಂಜಿನ್ ವೇಗ ತೋರಿಸುವ ಟ್ಯಾಕೊಮೀಟರ್ ಆಲ್ಟರ್ನೇಟರಿನಿಂದ ಸಂಕೇತ ಪಡೆಯುವಂಥದ್ದಾದರೆ, ಪುಲ್ಲಿಯ ಅನುಪಾತ ಬದಲಾದ ಮೇಲೆ ಅದು ತಪ್ಪು ವೇಗ ತೋರಿಸುತ್ತದೆ, ಮತ್ತೆ ಹೊಂದಿಸಬೇಕು. ಬ್ಯಾಟರಿ ತುಂಬಿ ರೆಗ್ಯುಲೇಟರ್ ಫೀಲ್ಡನ್ನು ಬಹುತೇಕ ನಿಲ್ಲಿಸಿದಾಗ ಟ್ಯಾಕೊಮೀಟರಿನ ಮುಳ್ಳು ಸೊನ್ನೆಗೆ ಬೀಳುವುದೂ ಉಂಟು. ಎಂಜಿನ್ ಸದ್ದು ಮೊದಲಿನಂತೆಯೇ ಇದ್ದರೆ ಗಾಬರಿಯಾಗಬೇಕಿಲ್ಲ.

ಮೊದಲ ಓಟದಲ್ಲಿ ಅಳೆಯಬೇಕಾದ್ದು

ಬ್ಯಾಟರಿ ಅರ್ಧ ಖಾಲಿಯಿರುವಾಗಲೇ ಪರೀಕ್ಷೆ ಮಾಡಬೇಕು. ತುಂಬಿದ ಬ್ಯಾಟರಿಯ ಮೇಲೆ ಆಲ್ಟರ್ನೇಟರಿನ ಶಕ್ತಿ ಗೊತ್ತಾಗುವುದಿಲ್ಲ. ಡಿಸಿ ಅಳೆಯುವ ಕ್ಲಾಂಪ್ ಮೀಟರ್, ಒಂದು ಮಲ್ಟಿಮೀಟರ್, ದೂರದಿಂದ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೈಯಲ್ಲಿರಲಿ. ಕರೆಂಟು ಪೂರ್ತಿ ಹರಿಯುವಾಗ ಆಲ್ಟರ್ನೇಟರಿನ ಪಾಸಿಟಿವ್ ಮತ್ತು ಬ್ಯಾಟರಿಯ ಪಾಸಿಟಿವ್ ನಡುವೆ ಮೀಟರಿನ ಎರಡು ಕಡ್ಡಿಗಳನ್ನಿಟ್ಟರೆ ಆ ದಾರಿಯ ನಷ್ಟ ನೇರವಾಗಿ ಕಾಣುತ್ತದೆ. ಆಲ್ಟರ್ನೇಟರಿನ ಮೈ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆಯೂ ಹಾಗೆಯೇ ಅಳೆಯಿರಿ. ಕೈಗಳು, ತಂತಿಗಳು, ತೋಳಿನ ಅಂಚು ಬೆಲ್ಟಿನಿಂದ ದೂರವಿರಲಿ.

ನಾನು ಮೊದಲ ಬಾರಿ ದೊಡ್ಡ ಆಲ್ಟರ್ನೇಟರ್ ಕೂರಿಸಿದಾಗ ಮೀಟರಿನಲ್ಲಿ 105 ಆಂಪಿಯರ್ ಕಂಡು ಸಂತೋಷಪಟ್ಟಿದ್ದೆ. ಅರ್ಧ ಗಂಟೆಯ ನಂತರ ನೋಡಿದರೆ 62. ಬ್ಯಾಟರಿ ತುಂಬುತ್ತ ಬಂತು ಎಂದುಕೊಂಡು ಎಂಜಿನ್ ನಿಲ್ಲಿಸಿದೆ. ರಾತ್ರಿ ಹತ್ತಕ್ಕೆಲ್ಲ ಫ್ರಿಜ್ ನಿಂತಿತು. ಮರುದಿನ ಅದೇ 62ಕ್ಕೆ ಇಳಿದಾಗ ಬ್ಯಾಟರಿಯ ವೋಲ್ಟೇಜನ್ನೂ ನೋಡಿದೆ, ಅದು 13.6 ಇತ್ತು. ನಿಗದಿಪಡಿಸಿದ್ದು 14.4. ಬ್ಯಾಟರಿಯೇ ಕರೆಂಟನ್ನು ಬೇಡವೆನ್ನುತ್ತಿದ್ದರೆ ವೋಲ್ಟೇಜ್ 14.4ನ್ನು ಮುಟ್ಟಿರಬೇಕಿತ್ತು. ಎಂಜಿನ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿದ ಬಿಸಿಗಾಳಿಯಲ್ಲೇ ಕಾರಣ ಅರ್ಧ ಗೊತ್ತಾಯಿತು: ಆಲ್ಟರ್ನೇಟರಿನ ಮೈ 112 ಡಿಗ್ರಿ ತೋರಿಸುತ್ತಿತ್ತು, ರೆಗ್ಯುಲೇಟರ್ ಅದನ್ನು ಉಳಿಸಲು ಫೀಲ್ಡ್ ಇಳಿಸಿತ್ತು. ಉಳಿದರ್ಧ ನೆಗೆಟಿವ್ ಕಡೆಯಲ್ಲಿತ್ತು. ಪಾಸಿಟಿವ್ ಕೇಬಲ್ ಮಾತ್ರ ಹೊಸದು ಹಾಕಿ, ನೆಗೆಟಿವ್ ಹಳೆಯ ತೆಳು ಕೇಬಲ್ಲನ್ನೇ ಬಿಟ್ಟಿದ್ದೆ. ಅಲ್ಲೊಂದರಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತಿತ್ತು, ಲಗ್ ಮುಟ್ಟಲಾಗದಷ್ಟು ಬಿಸಿಯಿತ್ತು. ಕೇಬಲ್ ಬದಲಾಯಿಸಿ, ಹೊರಗಿನ ತಂಪು ಗಾಳಿಯನ್ನು ಕೊಳವೆಯ ಮೂಲಕ ಬ್ಲೋವರ್‌ನಿಂದ ಆಲ್ಟರ್ನೇಟರಿನ ಹಿಂಬದಿಗೆ ತಂದ ಮೇಲೆ ಕರೆಂಟು 90ರ ಮೇಲೆ ನಿಲ್ಲತೊಡಗಿತು.

ಅಂದಿನಿಂದ ನಾನು ಆಂಪಿಯರನ್ನು ಎಂದೂ ಒಂಟಿಯಾಗಿ ಓದುವುದಿಲ್ಲ. ಆಂಪಿಯರ್ ಇಳಿದು ವೋಲ್ಟೇಜ್ ನಿಗದಿತ ಮಟ್ಟದಲ್ಲಿದ್ದರೆ ಬ್ಯಾಟರಿ ತುಂಬುತ್ತಿದೆ. ಆಂಪಿಯರ್ ಇಳಿದು ವೋಲ್ಟೇಜೂ ಕೆಳಗಿದ್ದರೆ ತೊಂದರೆ ಶಾಖದಲ್ಲಿ, ಬೆಲ್ಟಿನಲ್ಲಿ, ಎಂಜಿನ್ ವೇಗದಲ್ಲಿ ಅಥವಾ ತಂತಿಯಲ್ಲಿದೆ. ಲಗ್ ಅದಕ್ಕೆ ಸೇರಿದ ಕೇಬಲ್ಲಿಗಿಂತ ಬಿಸಿಯಿದ್ದರೆ ಕ್ರಿಂಪ್, ಅಂದರೆ ಲಗ್ಗನ್ನು ಕೇಬಲ್ಲಿಗೆ ಒತ್ತಿ ಕೂಡಿಸಿದ್ದು, ಸರಿಯಾಗಿಲ್ಲ. ಪುಲ್ಲಿಯ ಸುತ್ತ ಕಪ್ಪು ಪುಡಿ ಉದುರಿದ್ದರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಸಾಲು ತಪ್ಪಿದೆ.

ಲಿಥಿಯಂ ಬ್ಯಾಟರಿಯಾದರೆ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತನ್ನ ಸಾಮರ್ಥ್ಯದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕರೆಂಟನ್ನು ಬಹುತೇಕ ತುಂಬುವ ತನಕ ಒಂದೇ ಸಮನೆ ಕುಡಿಯುತ್ತದೆ. ಇದು ವರವೂ ಹೌದು, ಅಪಾಯವೂ ಹೌದು. ಲೆಡ್-ಆಸಿಡ್ ತಾನಾಗಿಯೇ ಕಡಿಮೆ ಮಾಡಿಕೊಳ್ಳುತ್ತಿದ್ದುದರಿಂದ ಆಲ್ಟರ್ನೇಟರಿಗೆ ಸಿಗುತ್ತಿದ್ದ ವಿಶ್ರಾಂತಿ ಇಲ್ಲಿ ಸಿಗುವುದಿಲ್ಲ. ಅದರಲ್ಲೂ ಎಂಜಿನ್ ನಿಧಾನವಾಗಿ ಓಡುವಾಗ ಒಳಗಿನ ಫ್ಯಾನೂ ನಿಧಾನವಾಗಿ ತಿರುಗುವುದರಿಂದ ಸುತ್ತುಗಳು ಸುಟ್ಟುಹೋಗುತ್ತವೆ. ಆದ್ದರಿಂದ ರೆಗ್ಯುಲೇಟರಿನಲ್ಲಿ ಉತ್ಪಾದನೆಯನ್ನು ಅಂಕಿತ ಸಾಮರ್ಥ್ಯಕ್ಕಿಂತ ಸಾಕಷ್ಟು ಕೆಳಗೆ ಮಿತಿಗೊಳಿಸಬೇಕು, ಆಲ್ಟರ್ನೇಟರಿನ ತಾಪಮಾನ ಸೆನ್ಸರ್ ಕಡ್ಡಾಯವಾಗಿ ಇರಬೇಕು.

ಎರಡನೆಯ ಅಪಾಯ ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯಾದ ಬಿಎಂಎಸ್‌ನಿಂದ. ಯಾವುದೋ ಸೆಲ್ ಮಿತಿ ದಾಟಿದರೆ ಅದು ಬ್ಯಾಟರಿಯನ್ನು ಕ್ಷಣದಲ್ಲಿ ಬೇರ್ಪಡಿಸುತ್ತದೆ, ಮೇಲೆ ಹೇಳಿದ ವೋಲ್ಟೇಜ್ ಜಿಗಿತ ಆಗ ಖಚಿತ. ಬಿಎಂಎಸ್ ಮೊದಲು ರೆಗ್ಯುಲೇಟರಿಗೆ ಸೂಚನೆ ಕೊಟ್ಟು ಫೀಲ್ಡ್ ನಿಲ್ಲಿಸಿ, ಆಮೇಲೆ ಬ್ಯಾಟರಿಯನ್ನು ಬೇರ್ಪಡಿಸುವಂಥ ವ್ಯವಸ್ಥೆ ಸರಿಯಾದದ್ದು. ಅದು ಸಾಧ್ಯವಿಲ್ಲದಿದ್ದರೆ ಆಲ್ಟರ್ನೇಟರನ್ನು ಲೆಡ್-ಆಸಿಡ್ ಸ್ಟಾರ್ಟಿಂಗ್ ಬ್ಯಾಟರಿಗೇ ಕೊಟ್ಟು, ಅಲ್ಲಿಂದ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಂಗೆ ಒಯ್ಯುವುದು ನಿಧಾನವಾದರೂ ಸುರಕ್ಷಿತ. ಅಬ್ಸಾರ್ಪ್ಷನ್ 14.0ರಿಂದ 14.4 ಸಾಕು, ತಾಪಮಾನಕ್ಕೆ ತಕ್ಕಂತೆ ವೋಲ್ಟೇಜ್ ಏರಿಸುವ ಇಳಿಸುವ ಸೌಲಭ್ಯವನ್ನು ಆಫ್ ಮಾಡಬೇಕು, 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಲೇಬಾರದು.

ದಿನನಿತ್ಯದ ಬಳಕೆ

ಎಂಜಿನ್ ಓಡಿಸಲು ಒಳ್ಳೆಯ ಹೊತ್ತು ಬೆಳಗಿನ ಜಾವ. ಆಗ ಬ್ಯಾಟರಿ ಅತ್ಯಂತ ಖಾಲಿಯಿದ್ದು ಹೆಚ್ಚು ಕರೆಂಟು ಕುಡಿಯುತ್ತದೆ. ನಮ್ಮ ಉದಾಹರಣೆಯ 120 ಆಂಪಿಯರ್-ಗಂಟೆ ತುಂಬಲು, ಚಾರ್ಜಿಂಗ್‌ನ ನಷ್ಟವನ್ನೂ ಸೇರಿಸಿ, ಒಂದೂಕಾಲರಿಂದ ಒಂದೂವರೆ ಗಂಟೆ ಸಾಕು. ಉಳಿದದ್ದನ್ನು ಹಗಲಿಡೀ ನಿಧಾನವಾಗಿ ಕೊಡುವ ಸೋಲಾರ್ ಪ್ಯಾನೆಲ್‌ಗೆ ಬಿಡುವುದು ಬಲು ಒಳ್ಳೆಯ ಜೋಡಿ. ಲೆಡ್-ಆಸಿಡ್ ಬ್ಯಾಟರಿಯನ್ನು ವಾರಗಟ್ಟಲೆ 80 ಪ್ರತಿಶತದಲ್ಲೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಸಾಮರ್ಥ್ಯ ಕುಗ್ಗುವುದರಿಂದ, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆಯಾದರೂ ಅದು ಪೂರ್ತಿ ತುಂಬಬೇಕು. ಎಂಜಿನ್ ಸಹಾಯದಿಂದ ದೂರ ಸಾಗುವ ದಿನ ಇದಕ್ಕೆ ಸರಿಯಾದ ಸಮಯ.

ಲಂಗರಿನಲ್ಲಿ ಚಾರ್ಜ್ ಮಾಡುವಾಗ ಎಂಜಿನನ್ನು ನಿಮಿಷಕ್ಕೆ 800 ಸುತ್ತಿನಲ್ಲಿ ಬಿಡದೆ 1,200ರಿಂದ 1,500ರಲ್ಲಿ ಓಡಿಸಿ. ಹೊರೆಯಿಲ್ಲದೆ ತಣ್ಣಗೆ ಓಡುವ ಡೀಸೆಲ್ ಎಂಜಿನ್ನಿನ ಸಿಲಿಂಡರ್ ಗೋಡೆ ನುಣುಪಾಗುತ್ತದೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಕೊಳವೆಯ ತಿರುವಿನಲ್ಲಿ ಮಸಿ ಕಟ್ಟುತ್ತದೆ. ದೊಡ್ಡ ಆಲ್ಟರ್ನೇಟರಿನ 4-5 ಅಶ್ವಶಕ್ತಿಯ ಹೊರೆ ಈ ದೃಷ್ಟಿಯಿಂದ ಸಣ್ಣ ಎಂಜಿನ್ನಿಗೆ ಉಪಕಾರವೇ. ಲೆಡ್-ಆಸಿಡ್ ಬ್ಯಾಟರಿಗಳು ತುಂಬುತ್ತ ಬಂದಂತೆ ಹೈಡ್ರೋಜನ್ ಬಿಡುತ್ತವೆ, ಆದ್ದರಿಂದ ಅವುಗಳ ಪೆಟ್ಟಿಗೆಯ ಮೇಲ್ಭಾಗದಿಂದ ಗಾಳಿ ಹೊರಹೋಗಲು ದಾರಿಯಿರಬೇಕು.

ಪ್ರತಿ 50 ಗಂಟೆಗೊಮ್ಮೆ ಬೆಲ್ಟಿನ ಬಿಗಿ, ಬ್ರಾಕೆಟ್ಟಿನ ಬೋಲ್ಟ್‌ಗಳು, ಲಗ್‌ಗಳ ಬಿಗಿಯನ್ನು ನೋಡಿ. ಆಯಾ ಅಳತೆಯ ಎರಡು ಬೆಲ್ಟ್‌ಗಳು ಯಾವಾಗಲೂ ದೋಣಿಯಲ್ಲಿರಲಿ. ಕಳಚಿದ ಹಳೆಯ ಆಲ್ಟರ್ನೇಟರನ್ನು ಮಾರಬೇಡಿ. ಹೊಸ ವ್ಯವಸ್ಥೆಗೆ ಹೊಂದುವ ಪುಲ್ಲಿಯನ್ನು ಅದಕ್ಕೆ ಕೂರಿಸಿ, ಬೇಕಾದ ವಾಷರ್, ಬೋಲ್ಟ್‌ಗಳನ್ನು ಅದರ ಜೊತೆಗೇ ಚೀಲದಲ್ಲಿ ಕಟ್ಟಿ, ಒಮ್ಮೆ ಬಂದರಿನಲ್ಲೇ ಅದನ್ನು ಕೂರಿಸಿ ಓಡಿಸಿ ನೋಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಂಡು, ಒಣ ಜಾಗದಲ್ಲಿ ಇಟ್ಟಿರಿ.